ಜಾಸ್ತಿ ನೋಯುವ ಮಂಡಿಗೆ ಶೇ. 10 ಮಾತ್ರ ಯಾಕೆ?

ಪ್ರಶ್ನೆ: ನಮ್ಮ ಯಜಮಾನರು ಅಮೆರಿಕದ ಸೇನೆಯಲ್ಲಿ ಎಂಟು ವರ್ಷ ಇದ್ದರು. ಬೆನ್ನಿಗೆ ಭಾರ ಹೊತ್ತು ನಡೆಯುವ ತರಬೇತಿಯಲ್ಲಿ ಬಿದ್ದು ಬಲ ಮಂಡಿಯ ಮೆನಿಸ್ಕಸ್ (ಕೀಲಿನ ನಡುವಿನ ಮೆತ್ತೆಯಂಥ ಮೃದ್ವಸ್ಥಿ) ಹರಿಯಿತು. ಬಲ ಭುಜಕ್ಕೂ ಪೆಟ್ಟಾಯಿತು. ಸೇನೆ ಬಿಟ್ಟ ಮೇಲೆ ಪರಿಹಾರಕ್ಕಾಗಿ ವಿಎ ಇಲಾಖೆಗೆ (ಅಲ್ಲಿನ ಮಾಜಿ ಸೈನಿಕರ ಇಲಾಖೆ) ಅರ್ಜಿ ಹಾಕಿದೆವು. ಅಂಗವೈಕಲ್ಯದ ರೇಟಿಂಗ್ ಅಂತ ಭುಜಕ್ಕೆ ಶೇ. 20, ಬಲ ಮಂಡಿಗೆ ಶೇ. 10 ಕೊಟ್ಟರು. ಆಮೇಲೆ ಶುರುವಾದ ಎಡ ಮಂಡಿ ನೋವು ಸೇವೆಗೆ ಸಂಬಂಧಿಸಿದ್ದಲ್ಲ ಎಂದು ತಳ್ಳಿಹಾಕಿದರು. ಪತ್ರ ಬಂದು ಎಂಟು ತಿಂಗಳಾಯಿತು. ಜಾಸ್ತಿ ನೋಯುವ ಮಂಡಿಗೆ ಕಡಿಮೆ, ಕಡಿಮೆ ನೋಯುವ ಭುಜಕ್ಕೆ ಜಾಸ್ತಿ, ಇದು ಯಾವ ನ್ಯಾಯ? ಎಡ ಮಂಡಿಗೂ 10 ಸಿಕ್ಕರೆ ಒಟ್ಟು 40 ಆಗುತ್ತದೆ ಅಲ್ವಾ? ಬಲ ಮಂಡಿಗೆ ಸರ್ಜರಿ ಮಾಡಿಸಿ ಅಂತಿದ್ದಾರೆ. ಮಾಡಿಸಿದರೆ ರೇಟಿಂಗ್ ಇಳಿಸುತ್ತಾರಾ?

ಉತ್ತರ: ಮೊದಲು ನಾನೇ ನಿಮಗೊಂದು ಪ್ರಶ್ನೆ ಕೇಳುತ್ತೇನೆ. ವಿಎ ಪರೀಕ್ಷೆಯ ದಿನ ಡಾಕ್ಟರು “ಹೇಗಿದ್ದೀರಿ?” ಅಂದಾಗ ನಿಮ್ಮವರು ಏನಂದರು?

“ಚೆನ್ನಾಗಿದ್ದೀನಿ” ಅಂದಿರುತ್ತಾರೆ. ನಾವು ಕನ್ನಡದವರು ಜ್ವರದಲ್ಲಿ ನಡುಗುತ್ತಿದ್ದರೂ ಹಾಗೇ ಅನ್ನುವುದು. ಅದರ ಮೇಲೆ ಸೈನಿಕರ ಅಭ್ಯಾಸ ಬೇರೆ, ನೋವು ಅಂತ ಬಾಯಿ ಬಿಟ್ಟರೆ ಮರ್ಯಾದೆ ಹೋಯಿತು ಅನ್ನುವ ಭಾವನೆ. ಆ ಒಂದು ಮಾತು ವರದಿಯಲ್ಲಿ “ಇವತ್ತು ವಿಶೇಷ ತೊಂದರೆ ಇಲ್ಲ” ಎಂದು ಅಚ್ಚಾಗಿ ಕೂರುತ್ತದೆ. ರೇಟಿಂಗ್ ಕೊಡುವವರು ನಿಮ್ಮವರ ಮುಖ ನೋಡುವುದಿಲ್ಲ, ಆ ವರದಿಯನ್ನು ಓದುತ್ತಾರೆ. ನಾನು ಹದಿನಾಲ್ಕು ವರ್ಷದಿಂದ ಮಾಜಿ ಸೈನಿಕರ ಈ ಕಾಗದ ಪತ್ರಗಳನ್ನೇ ನೋಡುತ್ತಿದ್ದೇನೆ. ಕೀಲಿನ ಕೇಸುಗಳಲ್ಲಿ ಎಕ್ಸ್-ರೇಯಿಂದ ಸೋತವರಿಗಿಂತ ಬಾಯಿಬಿಟ್ಟು ಹೇಳದೆ ಸೋತವರೇ ಜಾಸ್ತಿ.

ಈಗ ನ್ಯಾಯದ ಮಾತಿಗೆ ಬರೋಣ. ವಿಎ ಅಳೆಯುವುದು ನೋವನ್ನಲ್ಲ, ಕೀಲು ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದನ್ನು. ಕೋನ ಅಳೆಯುವ ಒಂದು ಪಟ್ಟಿಯನ್ನು ಮಂಡಿಗೆ ಹಿಡಿದು ನೋಡಿದ್ದು ನೆನಪಿರಬಹುದು. ಅದರ ಹೆಸರು ಗೋನಿಯೋಮೀಟರ್. ಆ ಪಟ್ಟಿ ಹಿಡಿಯದೆ ಕಣ್ಣಂದಾಜಿನಲ್ಲಿ ಡಿಗ್ರಿ ಬರೆದಿದ್ದರೆ ಅದೇ ಒಂದು ತಪ್ಪು, ಗುರುತು ಹಾಕಿಕೊಳ್ಳಿ.

ಸರಿಯಾದ ಮಂಡಿ ಸುಮಾರು 140 ಡಿಗ್ರಿವರೆಗೆ ಮಡಚುತ್ತದೆ. ವಿಎಯ ರೇಟಿಂಗ್ ಪಟ್ಟಿಯ ಪ್ರಕಾರ 45 ಡಿಗ್ರಿಗೇ ನಿಂತುಬಿಟ್ಟರೆ ಶೇ. 10. 30ಕ್ಕೆ ನಿಂತರೆ ಶೇ. 20. 15ಕ್ಕೆ ನಿಂತರೆ ಶೇ. 30. ಕುರ್ಚಿಯಲ್ಲಿ ನೆಟ್ಟಗೆ ಕೂರುವುದಕ್ಕೇ 90 ಡಿಗ್ರಿ ಬೇಕು, ಯೋಚಿಸಿ. ಅಂದರೆ ಕುರ್ಚಿಯಲ್ಲಿ ಸರಿಯಾಗಿ ಕೂರಲಾಗದವನಿಗೂ ಈ ಪಟ್ಟಿಯಲ್ಲಿ ಒಂದು ಪೈಸೆ ಸಿಗದೇ ಹೋಗಬಹುದು! ಇಷ್ಟು ಜುಗ್ಗ ಪಟ್ಟಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಕಾಲು ಚಾಚುವ ಪಟ್ಟಿ ಸ್ವಲ್ಪ ಉದಾರಿ. ಪೂರ್ತಿ ನೆಟ್ಟಗಾಗಲು 10 ಡಿಗ್ರಿ ಬಾಕಿ ಉಳಿದರೆ ಶೇ. 10, 15 ಉಳಿದರೆ ಶೇ. 20, 20 ಉಳಿದರೆ ಶೇ. 30, 30 ಉಳಿದರೆ ಶೇ. 40, 45 ಉಳಿದರೆ ಶೇ. 50. ನೆಟ್ಟಗಾಗದ ಕಾಲು ಪ್ರತಿ ಹೆಜ್ಜೆಗೂ ಕುಂಟಿಸುತ್ತದೆ, ಹಾಗಾಗಿ ಇದು ಒಪ್ಪುವ ಲೆಕ್ಕವೇ.

ನಿಮ್ಮವರ ಮಂಡಿ 45ಕ್ಕಿಂತ ಎಷ್ಟೋ ಜಾಸ್ತಿ ಮಡಚಿರುತ್ತದೆ. ಆದರೂ 10 ಸಿಕ್ಕಿದ್ದು ಹೇಗೆ? ಅದಕ್ಕೆ ಬೇರೊಂದು ನಿಯಮ ಇದೆ. ಕೀಲು ಆಡುವಾಗ ನೋವಿದ್ದರೆ, ಡಿಗ್ರಿ ಎಷ್ಟೇ ಇರಲಿ, ಆ ಕೀಲಿನ ಪಟ್ಟಿಯಲ್ಲಿರುವ ಅತಿ ಕಡಿಮೆ ರೇಟಿಂಗನ್ನಾದರೂ ಕೊಡಬೇಕು. ಮಂಡಿಯ ಪಟ್ಟಿಯಲ್ಲಿ ದುಡ್ಡು ಶುರುವಾಗುವುದು 10ರಿಂದ. ಭುಜದ ಪಟ್ಟಿಯಲ್ಲಿ ಶುರುವಾಗುವುದೇ 20ರಿಂದ, ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳದಿದ್ದರೆ ಅಷ್ಟು. ಇಷ್ಟೇ ಗುಟ್ಟು. ಭುಜದ ನೋವು ಮಂಡಿ ನೋವಿನ ಎರಡರಷ್ಟು ಅಂತ ಯಾರೂ ತೀರ್ಮಾನ ಮಾಡಿಲ್ಲ. ಎರಡೂ ಕೀಲು ತಮ್ಮ ತಮ್ಮ ಮೊದಲ ಮೆಟ್ಟಿಲ ಮೇಲೆ ನಿಂತಿವೆ, ಮೆಟ್ಟಿಲಿನ ಎತ್ತರ ಬೇರೆ ಬೇರೆ.

ಅಂದಹಾಗೆ ಭುಜದಲ್ಲಿ ಎಡಗೈ, ಬಲಗೈ ಲೆಕ್ಕವೂ ಇದೆ. ಕೈ 45 ಡಿಗ್ರಿಗೇ ನಿಂತರೆ, ಊಟ ಮಾಡುವ, ಬರೆಯುವ ಕೈ ಆದರೆ ಶೇ. 30, ಇನ್ನೊಂದು ಕೈ ಆದರೆ ಶೇ. 20. ನಿಮ್ಮವರು ಬಲಗೈಯವರಾ ಎಡಚರಾ ಎಂದು ವರದಿಯಲ್ಲಿ ಸರಿಯಾಗಿ ಬರೆದಿದ್ದಾರಾ ನೋಡಿಕೊಳ್ಳಿ.

ಇಷ್ಟು ಕೇಳಿದ ಮೇಲೆ “ಹಾಗಾದರೆ ಮಂಡಿಗೆ 10ರ ಮೇಲೆ ಸಿಗುವುದೇ ಇಲ್ಲವಾ?” ಅನ್ನಿಸುತ್ತದೆ. ಸಿಗುತ್ತದೆ. ಅದಕ್ಕೆ ದಾರಿ ಮಂಡಿ ಕೆರಳಿದ ದಿನಗಳಲ್ಲಿದೆ.

ಪರೀಕ್ಷೆ ನಡೆಯುವುದು ಯಾವುದೋ ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಅವತ್ತು ಮಂಡಿ ಚೆನ್ನಾಗಿ ಮಡಚಬಹುದು. ಆದರೆ ವಾರಕ್ಕೊಮ್ಮೆ ಊದಿಕೊಂಡು, ಮೆಟ್ಟಿಲು ಹತ್ತಲಾಗದೆ ಕೆಳಗಿನ ಸೋಫಾದ ಮೇಲೇ ಮಲಗುವ ದಿನ ಇರುತ್ತದಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಮಾಜಿ ಸೈನಿಕರ ಮೇಲ್ಮನವಿ ಕೋರ್ಟು 1995ರಲ್ಲೇ ಡಿಲೂಕಾ ಕೇಸಿನಲ್ಲಿ ಹೇಳಿತು. ಆದರೂ ಪರೀಕ್ಷೆ ಮಾಡುವವರು “ಆ ದಿನ ನಾನು ನೋಡಿಲ್ಲ, ಊಹೆ ಮಾಡಲಾಗದು” ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. 2017ರ ಶಾರ್ಪ್ ಕೇಸಿನಲ್ಲಿ ಕೋರ್ಟು ಅದನ್ನೂ ಒಪ್ಪಲಿಲ್ಲ. ಎಷ್ಟು ದಿನಕ್ಕೊಮ್ಮೆ ಕೆರಳುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಗ ಏನೇನು ಮಾಡಲಾಗುವುದಿಲ್ಲ ಎಂದು ಸೈನಿಕನನ್ನೇ ಕೇಳಬೇಕು. ಕೇಳಿ, ಆ ದಿನ ಇನ್ನೂ ಎಷ್ಟು ಡಿಗ್ರಿ ಕಡಿಮೆಯಾಗಬಹುದು ಅಂತ ಅಂದಾಜು ಕೊಡಬೇಕು. 2016ರ ಕೊರಿಯಾ ಕೇಸು ಇನ್ನೊಂದು ಮಾತು ಸೇರಿಸಿತು: ಕಾಲಿನ ಮೇಲೆ ಭಾರ ಬಿಟ್ಟು ಮತ್ತು ಭಾರ ಬಿಡದೆ, ತಾನಾಗಿ ಆಡಿಸಿ ಮತ್ತು ಬೇರೆಯವರು ಹಿಡಿದು ಆಡಿಸಿ, ಎಲ್ಲ ರೀತಿಯಲ್ಲೂ ನೋವು ಪರೀಕ್ಷಿಸಬೇಕು. ಸಾಧ್ಯವಾದರೆ ಇನ್ನೊಂದು ಬದಿಯ ಕೀಲಿನ ಜೊತೆ ಹೋಲಿಸಬೇಕು.

ಹಾಗಂತ ನೋವು, ನೋವು ಅಂತ ಹೇಳಿಕೊಂಡರೆ ಸಾಲದು. ನೋವಿದೆ ಎಂಬ ಒಂದೇ ಕಾರಣಕ್ಕೆ ಮೇಲಿನ ರೇಟಿಂಗ್ ಇಲ್ಲ, ಆ ನೋವು ಯಾವ ಕೆಲಸವನ್ನು ನಿಲ್ಲಿಸಿತು ಅನ್ನುವುದು ಮುಖ್ಯ ಎಂದು 2011ರ ಮಿಚೆಲ್ ಕೇಸು ಸ್ಪಷ್ಟ ಮಾಡಿದೆ. ಹಾಗಾಗಿ “ಹತ್ತರಲ್ಲಿ ಎಂಟು ನೋವು” ಅನ್ನುವ ಮಾತಿಗೆ ಬೆಲೆ ಕಡಿಮೆ. “ಆ ದಿನ ಮಂಡಿ ಇಷ್ಟರ ಮೇಲೆ ಮಡಚುವುದಿಲ್ಲ, ಕಾರಿಗೆ ಹತ್ತುವಾಗ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳಬೇಕು, ಎರಡು ದಿನ ಹೀಗೇ ಇರುತ್ತದೆ” ಅನ್ನುವುದಕ್ಕೆ ಬೆಲೆ ಇದೆ.

ಇಲ್ಲಿ ನಿಮ್ಮ ಪಾತ್ರ ದೊಡ್ಡದು. ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕೆರಳಿದ ದಿನದ ತಾರೀಖು, ಎಷ್ಟು ಹೊತ್ತು, ಏನು ಮಾಡಲಾಗಲಿಲ್ಲ, ಇಷ್ಟು ಬರೆದರೆ ಸಾಕು. ಆ ದಿನವೇ ಮಂಡಿ ಎಷ್ಟು ಮಡಚುತ್ತದೆ ಅಂತ ಪಕ್ಕದಿಂದ ಒಂದು ಫೋಟೋ ತೆಗೆದಿಡಿ. ಸಾಧ್ಯವಾದರೆ ಆ ದಿನವೇ ಅವರ ಡಾಕ್ಟರಿಗೆ ಮೆಸೇಜ್ ಹಾಕಿಸಿ, ದಾಖಲೆಯಲ್ಲಿ ಸೇರುತ್ತದೆ. ಆಮೇಲೆ ನೀವೇ ಒಂದು ಹೇಳಿಕೆ ಬರೆದುಕೊಡಿ. ಹೆಂಡತಿಯ ಮಾತಿಗೇನು ಬೆಲೆ ಅನ್ನಬೇಡಿ. ಕಾಯಿಲೆಯ ಹೆಸರು ಹೇಳುವ ಅಧಿಕಾರ ನಿಮಗಿಲ್ಲ, ಆದರೆ ಕಣ್ಣಾರೆ ಕಂಡದ್ದನ್ನು ಹೇಳುವ ಅಧಿಕಾರ ಪೂರ್ತಿ ಇದೆ. “ಒಂದೊಂದೇ ಮೆಟ್ಟಿಲು, ಎಡಗಾಲು ಮೊದಲು, ಕಂಬಿ ಹಿಡಿದು” ಅಂತ ನೀವು ಬರೆಯುವ ಒಂದು ಸಾಲು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಉತ್ಪ್ರೇಕ್ಷೆ ಮಾತ್ರ ಬೇಡ. ಪರೀಕ್ಷೆಯಲ್ಲಿ ಅವರು ನಟಿಸುವುದೂ ಬೇಡ. ನೋವು ಶುರುವಾದ ಕಡೆ “ಇಲ್ಲಿ ನೋವು” ಎಂದು ಬಾಯಿಬಿಟ್ಟು ಹೇಳಿದರೆ ಆಯಿತು, ಹಲ್ಲುಕಚ್ಚಿ ಇನ್ನೂ ಮಡಚಿ ತೋರಿಸಬಾರದು.

ಇನ್ನೊಂದು ವಿಷಯ. ಮಂಡಿ ಎಂದರೆ ಒಂದೇ ರೇಟಿಂಗ್ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಮಡಚುವುದಕ್ಕೆ ಒಂದು, ಚಾಚುವುದಕ್ಕೆ ಒಂದು, ಮಂಡಿ ಸಡಿಲಾಗಿ ಕುಸಿಯುವುದಕ್ಕೆ ಒಂದು, ಮೆನಿಸ್ಕಸ್‌ಗೆ ಒಂದು, ಹೀಗೆ ಬೇರೆ ಬೇರೆ ಕೊಡಲು ಅವಕಾಶ ಇದೆ. ಒಂದೇ ತೊಂದರೆಗೆ ಎರಡು ಸಲ ಕೊಡುವಂತಿಲ್ಲ, ಅಷ್ಟೇ. ಹರಿದ ಮೆನಿಸ್ಕಸ್ ಸರಿದು, ಮಂಡಿ ಪದೇ ಪದೇ ಸಿಕ್ಕಿಹಾಕಿಕೊಂಡು, ನೋವಿನ ಜೊತೆ ನೀರು ತುಂಬುತ್ತಿದ್ದರೆ ಅದಕ್ಕೇ ಶೇ. 20 ಇದೆ. ನಿಮ್ಮವರ ಮಂಡಿ ಹಾಗೆ ಸಿಕ್ಕಿಹಾಕಿಕೊಳ್ಳುತ್ತದಾ? ಇದನ್ನು ಪರೀಕ್ಷೆಯಲ್ಲಿ ಹೇಳಿದ್ದಾರಾ? ನೀವು ಬರೆದಿಲ್ಲ, ಆದರೆ ನಾನು ಮೊದಲು ಹುಡುಕುವುದು ಇದನ್ನೇ. ಕುಸಿಯುವ ಮಂಡಿಯ ನಿಯಮ 2021ರ ಫೆಬ್ರವರಿಯಲ್ಲಿ ಬದಲಾಯಿತು. ಈಗ ಲಿಗಮೆಂಟಿಗೆ (ಮೂಳೆಗಳನ್ನು ಹಿಡಿದಿಡುವ ನಾರು) ಏನಾಗಿದೆ, ಡಾಕ್ಟರು ಬ್ರೇಸ್ (ಮಂಡಿಗೆ ಹಾಕುವ ಆಸರೆ) ಅಥವಾ ಊರುಗೋಲು ಬರೆದುಕೊಟ್ಟಿದ್ದಾರಾ ಎಂದು ನೋಡುತ್ತಾರೆ. ಅಂಗಡಿಯಿಂದ ತಾವೇ ತಂದು ಹಾಕಿಕೊಂಡ ಬ್ರೇಸ್ ಕಾಗದದ ಮೇಲೆ ಇಲ್ಲದ ಬ್ರೇಸ್. ಡಾಕ್ಟರಿಂದ ಬರೆಸಿಕೊಳ್ಳಿ.

ಎಡ ಮಂಡಿ. ಸೇನೆಯಲ್ಲಿದ್ದಾಗ ಅದಕ್ಕೆ ಏನೂ ಆಗಿಲ್ಲ, ಹಾಗಾಗಿ ನೇರ ಅರ್ಜಿ ಬಿದ್ದುಹೋಗಿದ್ದು ಆಶ್ಚರ್ಯವಲ್ಲ. ಆದರೆ ರೇಟಿಂಗ್ ಸಿಕ್ಕ ಬಲ ಮಂಡಿಯಿಂದಾಗಿ ಎಡ ಮಂಡಿ ಕೆಟ್ಟಿದ್ದರೆ, ಅಥವಾ ಮೊದಲೇ ಇದ್ದ ತೊಂದರೆ ಅದರಿಂದ ಹೆಚ್ಚಾಗಿದ್ದರೆ, ಅದೂ ಸೇವೆಯ ಲೆಕ್ಕಕ್ಕೇ ಬರುತ್ತದೆ. ಇದನ್ನು ಸೆಕೆಂಡರಿ ಅನ್ನುತ್ತಾರೆ. ಬಲಗಾಲನ್ನು ಉಳಿಸಿಕೊಳ್ಳಲು ವರ್ಷಗಟ್ಟಲೆ ಎಡಗಾಲಿನ ಮೇಲೆ ಭಾರ ಹಾಕಿ ಕುಂಟಿದ್ದು ಇದಕ್ಕೆ ಸಾಮಾನ್ಯ ಕಾರಣ.

ಆದರೆ ಅದನ್ನು ಡಾಕ್ಟರು ಹೇಳಬೇಕು, ಸರಿಯಾದ ಮಾತಿನಲ್ಲಿ ಹೇಳಬೇಕು. ಶುರುವಿನ ದಿನಗಳಲ್ಲಿ ನಾನೇ ಒಂದು ಕೇಸು ಕೆಡಿಸಿದ್ದೇನೆ. ಡಾಕ್ಟರ್ ಪತ್ರದಲ್ಲಿ “ಸಂಬಂಧ ಇರಬಹುದು” ಅಂತಿತ್ತು. ಪತ್ರ ಸಿಕ್ಕಿತಲ್ಲ ಎಂದು ಖುಷಿಯಲ್ಲಿ ಕಳಿಸಿಬಿಟ್ಟೆ. ತಿರಸ್ಕಾರವಾಗಿ ಬಂತು. “ಇರಬಹುದು” ಅಂದರೆ “ಇಲ್ಲದಿರಲೂಬಹುದು” ಎಂದೇ ಓದುತ್ತಾರೆ. ಬೇಕಾದ ಮಾತು ಇದು: ಬಲ ಮಂಡಿಯಿಂದ ಇದು ಬಂದಿರುವ ಸಾಧ್ಯತೆ ಬಾರದಿರುವ ಸಾಧ್ಯತೆಗಿಂತ ಕಡಿಮೆ ಇಲ್ಲ. ಅಂದರೆ ತಕ್ಕಡಿ ಸಮ ನಿಂತರೂ ಸಾಕು, ಸಮ ನಿಂತಾಗ ಸೈನಿಕನ ಕಡೆಗೇ ತೀರ್ಪು ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಆ ಮಾತಿನ ಕೆಳಗೆ ಕಾರಣವೂ ಇರಬೇಕು. ಎಷ್ಟು ವರ್ಷದಿಂದ ಕುಂಟುತ್ತಿದ್ದಾರೆ, ಹಳೆಯ ದಾಖಲೆಯಲ್ಲಿ ನಡಿಗೆಯ ಬಗ್ಗೆ ಏನಿದೆ, ಡಾಕ್ಟರು ಯಾವ ದಾಖಲೆ ನೋಡಿ ಹೇಳುತ್ತಿದ್ದಾರೆ, ಇವೆಲ್ಲ. ಕಾರಣವಿಲ್ಲದ ಪತ್ರಕ್ಕೆ ತೂಕ ಇಲ್ಲ.

ಇನ್ನು ನಿಮ್ಮ ಕೂಡುವ ಲೆಕ್ಕ. ಉತ್ತರ ಸರಿ, ದಾರಿ ತಪ್ಪು! ವಿಎ ಕೂಡುವುದಿಲ್ಲ, ಉಳಿದದ್ದರಲ್ಲಿ ಕಳೆಯುತ್ತದೆ. ಪೂರ್ತಿ ಆರೋಗ್ಯವಂತ ಅಂದರೆ 100. ಭುಜದ 20 ಹೋದರೆ ಉಳಿದದ್ದು 80. ಮಂಡಿಯ 10 ಈ 80ರ ಮೇಲೆ, ಅಂದರೆ 8. ಒಟ್ಟು 28, ಹತ್ತಿರದ ಹತ್ತಕ್ಕೆ ತಂದರೆ 30. ನಿಮ್ಮ ಪತ್ರದಲ್ಲಿ ಇದೇ ಇರುತ್ತದೆ.

ಎಡ ಮಂಡಿಗೂ 10 ಬಂದರೆ ಇನ್ನೊಂದು ನಿಯಮ ಸೇರಿಕೊಳ್ಳುತ್ತದೆ. ಎರಡೂ ಕಾಲಿಗೆ ಅಥವಾ ಎರಡೂ ಕೈಗೆ ತೊಂದರೆ ಇದ್ದರೆ ಅವುಗಳನ್ನು ಮೊದಲು ಜೊತೆ ಮಾಡಿ, ಬಂದದ್ದರ ಶೇ. 10ರಷ್ಟನ್ನು ಮೇಲೆ ಸೇರಿಸುತ್ತಾರೆ. ಎರಡು ಮಂಡಿ ಸೇರಿ 19, ಅದರ ಹತ್ತನೇ ಒಂದು ಭಾಗ 1.9, ಹತ್ತಿರ ಹತ್ತಿರ 21. ಇದನ್ನು ಭುಜದ 20ರ ಜೊತೆ ಅದೇ ರೀತಿ ಸೇರಿಸಿದರೆ 37 ಬರುತ್ತದೆ, ಅಂದರೆ 40. ಈ ಸಲ ಆ ಹೆಚ್ಚುವರಿ ಇಲ್ಲದಿದ್ದರೂ 35 ಆಗಿ 40ಕ್ಕೇ ಏರುತ್ತಿತ್ತು. ಆದರೆ ಮುಂದೆ ಮಂಡಿಗಳು 30 ಮತ್ತು 20 ಆದವು ಅನ್ನಿ. ಅವೆರಡೇ ಸೇರಿದರೆ 44, ಅಂದರೆ 40. ಹೆಚ್ಚುವರಿ ಸೇರಿದರೆ 48, ಅಂದರೆ 50. ಪತ್ರದಲ್ಲಿ ಇದನ್ನು ಬಿಟ್ಟಿಲ್ಲ ಎಂದು ನೋಡಿಕೊಳ್ಳಿ.

ದುಡ್ಡಿನ ಲೆಕ್ಕದಲ್ಲಿ, 2025ರ ದರದಂತೆ ಅವಲಂಬಿತರಿಲ್ಲದವರಿಗೆ ಶೇ. 30ಕ್ಕೆ ತಿಂಗಳಿಗೆ 537.42 ಡಾಲರ್, ಶೇ. 40ಕ್ಕೆ 774.16 ಡಾಲರ್ ಇತ್ತು. ತೆರಿಗೆ ಇಲ್ಲ. ಅವರು ಒಳ್ಳೆ ಕೆಲಸದಲ್ಲಿದ್ದಾರೆ ಎಂದು ಇದು ಕಡಿಮೆಯಾಗುವುದಿಲ್ಲ. ಈ ಪಟ್ಟಿ ಇಂಥ ಗಾಯವಾದವರಿಗೆ ದುಡಿಮೆಯಲ್ಲಿ ಸರಾಸರಿ ಎಷ್ಟು ನಷ್ಟ ಅನ್ನುವ ಲೆಕ್ಕದ್ದು, ಅವರೊಬ್ಬರ ಸಂಬಳದ್ದಲ್ಲ.

ಸರ್ಜರಿ ವಿಷಯಕ್ಕೆ ನನ್ನ ಉತ್ತರ ನೇರ. ಬೇಕಿದ್ದರೆ ಮಾಡಿಸಿ. ರೇಟಿಂಗ್ ಉಳಿಸಿಕೊಳ್ಳಲು ಕಾಲು ಹಾಳು ಮಾಡಿಕೊಳ್ಳುವುದು ಮೂರ್ಖತನ. ನಿಯಮದಲ್ಲಿ ಒಂದು ವಿಚಿತ್ರ ಇರುವುದು ನಿಜ: ಸಿಕ್ಕಿಹಾಕಿಕೊಳ್ಳುವ ಮೆನಿಸ್ಕಸ್ ಒಳಗಿದ್ದರೆ 20, ಅದನ್ನು ತೆಗೆದ ಮೇಲೂ ತೊಂದರೆ ಉಳಿದರೆ 10. ನಿಮ್ಮವರಿಗೆ ಈಗ ಇರುವುದೇ 10, ಕಳೆದುಕೊಳ್ಳುವಂಥದ್ದು ಜಾಸ್ತಿ ಏನಿಲ್ಲ. ಬದಲಿಗೆ, ರೇಟಿಂಗ್ ಇರುವ ಕೀಲಿಗೆ ಸರ್ಜರಿಯಾಗಿ ಚೇತರಿಕೆಗೆ ಕನಿಷ್ಠ ಒಂದು ತಿಂಗಳು ಬೇಕಾದರೆ, ಆ ಅವಧಿಗೆ ತಾತ್ಕಾಲಿಕವಾಗಿ ಶೇ. 100 ಕೇಳಬಹುದು. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಇದು ತಾನಾಗಿ ಬರುವುದಿಲ್ಲ, ಕೇಳಬೇಕು. ಎಷ್ಟು ದಿನ ಕೆಲಸಕ್ಕೆ ಹೋಗಬಾರದು ಅಂತ ಸರ್ಜನ್ ಕೈಯಲ್ಲಿ ಬರೆಸಿಕೊಳ್ಳಿ. ಮುಂದೆಂದಾದರೂ ಮಂಡಿಯನ್ನೇ ಬದಲಾಯಿಸುವ ಹಾಗಾದರೆ ನಿಯಮ ಬೇರೆ. ನಾಲ್ಕು ತಿಂಗಳು ಶೇ. 100, ಆಮೇಲೆ ಶೇ. 30ಕ್ಕಿಂತ ಕಡಿಮೆ ಮಾಡುವಂತಿಲ್ಲ. 2021ಕ್ಕೆ ಮುಂಚೆ ಆ ನಾಲ್ಕು ತಿಂಗಳು ಒಂದು ವರ್ಷ ಇತ್ತು.

ಈಗ ಮಾಡಬೇಕಾದ್ದು. ಪತ್ರದ ತಾರೀಖಿನಿಂದ ಒಂದು ವರ್ಷದೊಳಗೆ ಪ್ರಶ್ನೆ ಮಾಡಿದರೆ, ಗೆದ್ದಾಗ ಮೊದಲ ಅರ್ಜಿಯ ತಾರೀಖಿನಿಂದಲೇ ಬಾಕಿ ಸಿಗುವ ಅವಕಾಶ ಉಳಿಯುತ್ತದೆ. ನಿಮಗೆ ಇನ್ನು ನಾಲ್ಕು ತಿಂಗಳಿದೆ. ಎಲ್ಲಕ್ಕಿಂತ ಮುಂಚೆ ಆ ಪರೀಕ್ಷೆಯ ವರದಿಯ ಪ್ರತಿ ತರಿಸಿ ಓದಿ. ಪತ್ರ ಓದಿದರೆ ಸಾಲದು, ವರದಿಯನ್ನೇ ಓದಬೇಕು. ಕೆರಳುವ ದಿನಗಳ ಬಗ್ಗೆ ಏನು ಬರೆದಿದ್ದಾರೆ, ಸಿಕ್ಕಿಹಾಕಿಕೊಳ್ಳುವ ಬಗ್ಗೆ ಕೇಳಿದ್ದಾರಾ ನೋಡಿ.

ಎಡ ಮಂಡಿಗೆ ಹೊಸ ಪುರಾವೆ, ಅಂದರೆ ಡಾಕ್ಟರ್ ಪತ್ರ ಮತ್ತು ನಿಮ್ಮ ಹೇಳಿಕೆ, ಸೇರಿಸಿ ಸಪ್ಲಿಮೆಂಟಲ್ ಕ್ಲೇಮ್ ಹಾಕಿ. ಅದರ ಫಾರಂ 20-0995. ಬಲ ಮಂಡಿಗೂ ನೋಟ್‌ಬುಕ್, ಫೋಟೋ, ಹೊಸ ದಾಖಲೆ ಇದ್ದರೆ ಅದೇ ದಾರಿ. ಮೇಲಧಿಕಾರಿಯಿಂದ ಮರುಪರಿಶೀಲನೆ ಅಂತ ಇನ್ನೊಂದು ದಾರಿ ಇದೆ, ಫಾರಂ 20-0996. ಆದರೆ ಅಲ್ಲಿ ಹೊಸ ಕಾಗದ ಒಂದನ್ನೂ ಸೇರಿಸುವಂತಿಲ್ಲ, ಹಳೆಯ ಕಡತದಲ್ಲೇ ತಪ್ಪು ತೋರಿಸಬೇಕು. ಮೇಲ್ಮನವಿ ಮಂಡಳಿ ಮೂರನೆಯದು, ಅಲ್ಲಿ ತುಂಬ ಕಾಯಬೇಕು, ಈಗಲೇ ಬೇಡ. ಬಲ ಮಂಡಿಯ ಕಡತ ಮತ್ತೆ ತೆರೆದಾಗ ಅದನ್ನು ಹೊಸದಾಗಿಯೇ ನೋಡುತ್ತಾರೆ ಅನ್ನುವುದು ತಿಳಿದಿರಲಿ. ನಿಮ್ಮವರ ಸ್ಥಿತಿಯಲ್ಲಿ ನಾನಾದರೆ ಹೆದರುವುದಿಲ್ಲ. ಹೊಸ ಪರೀಕ್ಷೆಗೆ ಕರೆದರೆ ಮಾತ್ರ ತಪ್ಪಿಸಬೇಡಿ, ಹೋಗದಿದ್ದರೆ ಅದೊಂದೇ ಕಾರಣಕ್ಕೆ ಸೋಲಬಹುದು.

ನಡುವೆ ನಿಮಗೆ ಫೋನ್ ಬರಬಹುದು: “ನಿಮ್ಮ ರೇಟಿಂಗ್ ಏರಿಸಿಕೊಡುತ್ತೇವೆ, ಏರಿದಷ್ಟರಲ್ಲಿ ಐದಾರು ತಿಂಗಳ ದುಡ್ಡು ಕೊಡಿ.” ಇಟ್ಟುಬಿಡಿ. ಡಿಎವಿ, ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ಮುಂತಾದ ಸಂಘಗಳಲ್ಲಿ, ಎಷ್ಟೋ ಕೌಂಟಿ ಕಚೇರಿಗಳಲ್ಲಿ ಮಾನ್ಯತೆ ಪಡೆದವರು ಇದೇ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾರೆ. ವಕೀಲರಾಗಲಿ ನನ್ನಂಥ ಏಜೆಂಟರಾಗಲಿ ದುಡ್ಡು ಕೇಳಬಹುದಾದದ್ದು ಮೊದಲ ತೀರ್ಪು ಬಂದ ಮೇಲಿನ ಕೆಲಸಕ್ಕೆ ಮಾತ್ರ, ಅದೂ ವಿಎ ಮಾನ್ಯತೆ ಇದ್ದರೆ ಮಾತ್ರ. ಹೆಸರು ಮಾನ್ಯತೆಯ ಪಟ್ಟಿಯಲ್ಲಿದೆಯಾ ಅಂತ ವಿಎ ವೆಬ್‌ಸೈಟಿನಲ್ಲಿ ಒಂದು ನಿಮಿಷದಲ್ಲಿ ನೋಡಬಹುದು.

ಕೊನೆಗೊಂದು ಸಣ್ಣದು, ಆದರೆ ದುಡ್ಡಿನದು. ಒಟ್ಟು ರೇಟಿಂಗ್ ಶೇ. 30 ಆದ ಕೂಡಲೇ ಹೆಂಡತಿ, ಮಕ್ಕಳ ಲೆಕ್ಕಕ್ಕೆ ಹೆಚ್ಚುವರಿ ಹಣ ಇದೆ. ನೀವು ಆಗಲೇ 30ರಲ್ಲಿದ್ದೀರಿ. ನಿಮ್ಮ ಹೆಸರು ಸೇರಿಸಿದ್ದಾರಾ? ಸೇರಿಸಿರದಿದ್ದರೆ ಇದನ್ನೂ ಆ ಒಂದು ವರ್ಷದೊಳಗೇ ಮಾಡಿ, ರೇಟಿಂಗ್ ಬಂದ ದಿನದಿಂದ ಲೆಕ್ಕ ಹಾಕಿ ಕೊಡುತ್ತಾರೆ. ಡಾಕ್ಟರ್ ಪತ್ರಕ್ಕೆ ಕಾಯುವ ಹೊತ್ತಿನಲ್ಲಿ ಮುಗಿಸಬಹುದಾದ ಕೆಲಸ ಇದು.